ಮ್ಯಾಪ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಸ್ವಂತ ವೆಬ್‌ಸೈಟ್: ನಿಮ್ಮ ವ್ಯಾಪಾರಕ್ಕೆ ಯಾವುದು ಮೊದಲು?

ಹೋದ ತಿಂಗಳು ಪಾಂಡವಪುರದ ಕಡೆಯ ಆಲೆಮನೆಯವರೊಬ್ಬರು ಎರಡು ಕೊಟೇಷನ್ ಹಿಡಿದುಕೊಂಡು ಮೈಸೂರಿಗೆ ಬಂದರು. ಒಂದರಲ್ಲಿ 18,000 ರೂಪಾಯಿ, ಇನ್ನೊಂದರಲ್ಲಿ 65,000. ಎರಡರಲ್ಲೂ ‘ಸಂಪೂರ್ಣ ವೆಬ್‌ಸೈಟ್’ ಎಂದೇ ಬರೆದಿತ್ತು. ಯಾವುದಕ್ಕೆ ಒಪ್ಪಲಿ ಎಂದು ಕೇಳಿದರು. ಹಾಳೆ ನೋಡುವ ಮೊದಲು ನಾನು, ನಿಮ್ಮ ಬೆಲ್ಲವನ್ನು ಕೊಳ್ಳುವವರು ಯಾರು ಎಂದು ಕೇಳಿದೆ. ಮುಕ್ಕಾಲು ಪಾಲು ಮಂಡ್ಯದ ಮಾರುಕಟ್ಟೆಗೆ ಹೋಗುತ್ತದೆ, ಉಳಿದದ್ದನ್ನು ಮೈಸೂರು, ಬೆಂಗಳೂರಿನ ನೂರಿಪ್ಪತ್ತು ಮನೆಯವರು ಫೋನ್ ಮಾಡಿ ತರಿಸಿಕೊಳ್ಳುತ್ತಾರೆ ಎಂದರು. ಆ ಮನೆಗಳ ಹೆಸರು, ನಂಬರು ಎಲ್ಲಿವೆ? ಜೇಬಿನಿಂದ ಚಿಕ್ಕದೊಂದು ಡೈರಿ ತೆಗೆದರು. ಪಾಕ ತಾಗಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಎರಡೂ ಕೊಟೇಷನ್‌ಗಳಲ್ಲಿ ಆ ಡೈರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸಣ್ಣ ವ್ಯಾಪಾರದವರಿಗೆ ಜಾಲದ ವಿಷಯದಲ್ಲಿ ಸಲಹೆ ಕೊಡುವ ಈ ಕೆಲಸದಲ್ಲಿ ನನಗೆ ಹದಿನಾಲ್ಕು ವರ್ಷವಾಯಿತು. ಕುವೆಂಪುನಗರದ ಬುಟಿಕ್‌ನವರು, ಸರಸ್ವತಿಪುರಂನ ಟ್ಯುಟೋರಿಯಲ್‌ನವರು, ಗೋಕುಲಂನಲ್ಲಿ ಮನೆಯ ಮೇಲ್ಮಹಡಿಯನ್ನು ಹೋಂಸ್ಟೇ ಮಾಡಿದವರು, ಹಳೆಯ ಬೆಂಗಳೂರು ರಸ್ತೆಯ ಹೋಟೆಲಿನವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ವೆಬ್‌ಸೈಟ್ ಮಾಡಿಸಬೇಕೇ, ಇನ್‌ಸ್ಟಾಗ್ರಾಂ ಸಾಕೇ?’ ಎಲ್ಲರಿಗೂ ಒಂದೇ ಉತ್ತರ ಕೊಡುವವರು ಸಿಕ್ಕರೆ ಅವರು ಏನನ್ನೋ ಮಾರಲು ಬಂದಿದ್ದಾರೆ ಎಂದೇ ತಿಳಿಯಿರಿ. ಉತ್ತರ ಬೇರೆಬೇರೆಯಾಗುವುದು ಯಾವ ಕಾರಣಕ್ಕೆ ಎಂಬುದನ್ನು ಮೊದಲು ಹೇಳುತ್ತೇನೆ. ಒಂದೊಂದು ಆಯ್ಕೆಯನ್ನೂ ಅದೇ ತಕ್ಕಡಿಯಲ್ಲಿ ತೂಗೋಣ.

ತೂಗುವ ನಾಲ್ಕು ಬಟ್ಟುಗಳು

ಮೊದಲನೆಯದು, ಗಿರಾಕಿ ನಿಮ್ಮನ್ನು ಕಾಣುವ ಬಗೆ. ಕೆಲವರು ‘ಹತ್ತಿರದಲ್ಲಿ ಏನಿದೆ’ ಎಂದು ಹುಡುಕುತ್ತಾರೆ: ಪಂಕ್ಚರ್ ಅಂಗಡಿ, ಹಲ್ಲಿನ ವೈದ್ಯರು, ತಿಂಡಿ ಹೋಟೆಲ್. ಕೆಲವರು ನಿಮ್ಮ ಹೆಸರನ್ನು ಯಾರಿಂದಲೋ ಕೇಳಿರುತ್ತಾರೆ, ನಂಬಬಹುದೇ ಎಂದು ಖಾತ್ರಿ ಮಾಡಿಕೊಳ್ಳಲು ನೋಡುತ್ತಾರೆ: ಟ್ಯುಟೋರಿಯಲ್, ಮನೆ ಕಟ್ಟಿಸುವ ಎಂಜಿನಿಯರ್, ಕಲ್ಯಾಣ ಮಂಟಪ. ಮತ್ತೆ ಕೆಲವರು ಏನನ್ನೂ ಹುಡುಕುತ್ತಿರುವುದಿಲ್ಲ, ಕಣ್ಣಿಗೆ ಬಿದ್ದದ್ದಕ್ಕೆ ಮನಸ್ಸಾಗುತ್ತದೆ: ಸೀರೆ, ಕೇಕ್, ಓಲೆ. ನಿಮ್ಮ ಕಳೆದ ಇಪ್ಪತ್ತು ಗಿರಾಕಿಗಳು ಈ ಮೂವರಲ್ಲಿ ಯಾರು ಎಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಮುಂದೆ ಓದುವುದೆಲ್ಲ ಸುಲಭವಾಗುತ್ತದೆ.

ಎರಡನೆಯದು, ಮೂರು ವರ್ಷದ ಖರ್ಚು. ಮೊದಲ ವರ್ಷದ ಖರ್ಚನ್ನು ನೋಡಿ ತೀರ್ಮಾನಿಸುವುದೇ ನಮ್ಮವರು ಮಾಡುವ ದೊಡ್ಡ ತಪ್ಪು. ಆ 18,000 ರೂಪಾಯಿಯ ಕೊಟೇಷನ್ನನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೊದಲ ವರ್ಷದ ಡೊಮೈನ್ ಅಂದರೆ ವೆಬ್‌ಸೈಟಿನ ವಿಳಾಸ, ಹೋಸ್ಟಿಂಗ್ ಅಂದರೆ ವೆಬ್‌ಸೈಟನ್ನು ಇಟ್ಟುಕೊಳ್ಳುವ ಜಾಗದ ಬಾಡಿಗೆ, ಎರಡೂ ಸೇರಿದ್ದವು. ಕೆಳಗೆ ಸಣ್ಣಕ್ಷರದಲ್ಲಿ ನವೀಕರಣ: ಡೊಮೈನಿಗೆ 800, ಹೋಸ್ಟಿಂಗ್‌ಗೆ 4,000, ನಿರ್ವಹಣೆಗೆ 6,000. ಎರಡು ವರ್ಷಕ್ಕೆ 21,600. ಅಲ್ಲಿಗೆ 18,000ದ ವೆಬ್‌ಸೈಟ್ ಮೂರು ವರ್ಷಕ್ಕೆ 39,600 ರೂಪಾಯಿ ಆಯಿತು. ಇದು ಮೋಸವೇನಲ್ಲ, ನಿರ್ವಹಣೆಗೆ ಹಣ ಬೇಕೇ ಬೇಕು. ಆದರೆ ಸಹಿ ಹಾಕುವ ದಿನವೇ ಆ ಲೆಕ್ಕ ನಿಮ್ಮ ಕಣ್ಣ ಮುಂದಿರಬೇಕು.

ಮೂರನೆಯದು ಒಡೆತನ. ನಾಳೆ ಆ ಕಂಪನಿ ನಿಯಮ ಬದಲಿಸಿದರೆ, ಖಾತೆ ಮುಚ್ಚಿದರೆ, ನಿಮ್ಮ ಬಳಿ ಏನು ಉಳಿಯುತ್ತದೆ? 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲೇ ಹೆಸರು ಮಾಡಿದ್ದವರಿಗೆ ಅದುವರೆಗೆ ಕೂಡಿಸಿಟ್ಟಿದ್ದ ಅಭಿಮಾನಿಗಳೆಲ್ಲ ಒಮ್ಮೆಲೇ ಕೈತಪ್ಪಿದರು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ತಾಸು ನಿಂತುಹೋದವು. ಮೂರಕ್ಕೂ ಒಡೆಯರು ಒಬ್ಬರೇ ಎಂಬುದು ಎಷ್ಟೋ ಅಂಗಡಿಯವರಿಗೆ ತಿಳಿದದ್ದು ಅಂದೇ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ಇದನ್ನು ದಿನವೂ ನೋಡಿಕೊಳ್ಳುವವರು ಯಾರು? ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ ರಾತ್ರಿ ಹತ್ತಕ್ಕೆ ಶಟರ್ ಎಳೆಯುವವರಿಗೆ ವಾರಕ್ಕೆ ನಾಲ್ಕು ರೀಲ್ಸ್ ಮಾಡಿ ಎಂದು ಹೇಳುವುದು ನ್ಯಾಯವಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಲೆಕ್ಕವೇ ಬೇರೆ. ಆದರೆ ಆ ಮಗಳು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಏನು ಎಂಬುದನ್ನೂ ಈಗಲೇ ಯೋಚಿಸಿ.

ಮ್ಯಾಪ್: ಖರ್ಚಿಲ್ಲ, ಬಿಡುವಂತೆಯೂ ಇಲ್ಲ

ಗೂಗಲ್ ಬಿಸಿನೆಸ್ ಪ್ರೊಫೈಲ್, ನಮ್ಮ ಜನರ ಬಾಯಲ್ಲಿ ‘ಮ್ಯಾಪಿಗೆ ಹಾಕಿಸುವುದು’, ಪೂರ್ತಿ ಉಚಿತ. ಇದಕ್ಕೆ ಹಣ ಕೇಳಿಕೊಂಡು ‘ಗೂಗಲ್‌ನಿಂದ ಮಾತನಾಡುತ್ತಿದ್ದೇವೆ’ ಎಂದು ಫೋನ್ ಬಂದರೆ ಇಟ್ಟುಬಿಡಿ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. 118 ಕಿಲೋಮೀಟರ್ ರಸ್ತೆ ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳ ಒಳಗೆ ಹೋಗದೆ ಹೊರಗಿನಿಂದಲೇ ಸುತ್ತಿ ಹೋಗುತ್ತದೆ. ಮದ್ದೂರಿನಲ್ಲಿ ಮೇಲ್ಸೇತುವೆ. ವಡೆ, ಎಳನೀರು, ಬೊಂಬೆ, ಬೆಲ್ಲ ಮಾರುತ್ತಿದ್ದವರ ಮುಂದೆ ತಾನಾಗಿ ಬಂದು ನಿಲ್ಲುತ್ತಿದ್ದ ಕಾರುಗಳು ಅಂದಿನಿಂದ ದೂರದಲ್ಲೇ ಹಾದುಹೋಗತೊಡಗಿದವು. ಅಲ್ಲಿಯವರೆಗೆ ಬೋರ್ಡೇ ಅವರ ಜಾಹೀರಾತಾಗಿತ್ತು. ಈಗ ಹಳೆಯ ರಸ್ತೆಗೆ ಇಳಿಯುವ ಕಾರಿನವರು ಇಳಿಯುವ ಮುಂಚೆಯೇ ಫೋನಿನಲ್ಲಿ ನೋಡಿ ತೀರ್ಮಾನಿಸಿರುತ್ತಾರೆ.

ಮಂಡ್ಯಕ್ಕೆ ಹತ್ತಿರದ ಅಂಥದೊಂದು ತಿಂಡಿ ಹೋಟೆಲಿಗೆ ನಾನು ಹೋದಾಗ ಮಾಲೀಕರು, ‘ಮ್ಯಾಪಿನಲ್ಲಿ ನಾವಿದ್ದೇವೆ ಸಾರ್, ಆದರೂ ಜನ ಬರುತ್ತಿಲ್ಲ’ ಎಂದರು. ಮಾತನಾಡುತ್ತಿದ್ದಾಗಲೇ ನಾಲೆಯ ಆಚೆ ದಡದಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವರು ಫೋನನ್ನು ಒಮ್ಮೆ, ನೀರನ್ನು ಒಮ್ಮೆ ನೋಡಿದರು. ಇಲ್ಲಿಂದ ಕೈ ಬೀಸಿದೆವು. ಸೇತುವೆ ಒಂದೂವರೆ ಕಿಲೋಮೀಟರ್ ಹಿಂದೆ ಇತ್ತು. ಕಾರು ತಿರುಗಿಸಿಕೊಂಡವರು ಈ ಕಡೆಗೆ ಬರಲಿಲ್ಲ. ಯಾರೋ ಎಂದೋ ಹಾಕಿದ್ದ ಗುರುತು ನಾಲೆಯ ಆಚೆಯ ಗದ್ದೆಯಲ್ಲಿ ಬಿದ್ದಿತ್ತು. ಅಂಗಡಿಯ ಬಾಗಿಲಲ್ಲಿ ನಿಂತು, ಗುರುತನ್ನು ಬೆರಳಿನಿಂದ ಎಳೆದು ಸರಿಯಾದ ಜಾಗಕ್ಕೆ ತರಲು ಎರಡು ನಿಮಿಷವೂ ಬೇಕಾಗಲಿಲ್ಲ. ಆ ತಪ್ಪಿನಿಂದ ಎಷ್ಟು ತಿಂಗಳ ವ್ಯಾಪಾರ ಹೋಯಿತೋ, ಆ ಲೆಕ್ಕವನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಗೂಗಲ್ ಮೂರು ಸಂಗತಿ ನೋಡುತ್ತದೆ: ಹುಡುಕಿದ ಮಾತಿಗೂ ನಿಮ್ಮ ವ್ಯಾಪಾರಕ್ಕೂ ಇರುವ ಸಂಬಂಧ, ದೂರ, ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದೆರಡು ಇವೆ. ವ್ಯಾಪಾರದ ವರ್ಗವನ್ನು ಸರಿಯಾಗಿ ಆರಿಸಿ. ಸುಮ್ಮನೆ ‘ಅಂಗಡಿ’ ಎಂದು ಬಿಡಬೇಡಿ. ತೆರೆಯುವ, ಮುಚ್ಚುವ ಹೊತ್ತು ಬರೆಯಿರಿ, ಹಬ್ಬದ ರಜೆಯನ್ನೂ ಹಾಕಿ. ಬೋರ್ಡು ಕಾಣುವಂತೆ ಒಂದು, ಕಾರು ನಿಲ್ಲಿಸುವ ಜಾಗದ್ದೊಂದು, ಬೆಲೆಪಟ್ಟಿಯದ್ದೊಂದು, ಹೀಗೆ ಫೋಟೊ ಹಾಕಿ. ಮಾಲೀಕರು ನೀವೇ ಎಂದು ಖಾತ್ರಿಪಡಿಸಲು ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ರಸ್ತೆ, ಬೋರ್ಡು, ಒಳಗಿನ ಕೌಂಟರ್ ಒಂದೇ ಓಟದಲ್ಲಿ ಕಾಣುವಂತೆ ತೆಗೆಯಿರಿ. ವಿಮರ್ಶೆಗಳಿಗೆ ಉತ್ತರ ಕೊಡಿ, ಅದರಲ್ಲೂ ಬೈದವರಿಗೆ ಸಮಾಧಾನದಿಂದ ಕೊಡಿ. ದುಡ್ಡು ಕೊಟ್ಟೋ ರಿಯಾಯಿತಿ ಕೊಟ್ಟೋ ಐದು ನಕ್ಷತ್ರ ಹಾಕಿಸಿಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಇದ್ದ ವಿಮರ್ಶೆಗಳೂ ಹೋಗಬಹುದು.

ಖರ್ಚು ಸೊನ್ನೆ, ಹೊತ್ತು ವಾರಕ್ಕೆ ಅರ್ಧ ತಾಸು. ಒಡೆತನ ಮಾತ್ರ ನಿಮ್ಮದಲ್ಲ. ಈ ಪ್ರೊಫೈಲಿನ ಜೊತೆಗೇ ಗೂಗಲ್ ಉಚಿತವಾಗಿ ಚಿಕ್ಕ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ಮುಚ್ಚಿತು. ಆ ವಿಳಾಸವನ್ನೇ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದವರು ನನಗೆ ಗೊತ್ತಿರುವಂತೆ ಮೈಸೂರಿನಲ್ಲೇ ಹಲವರಿದ್ದರು.

ವಾಟ್ಸ್‌ಆ್ಯಪ್ ಬಿಸಿನೆಸ್: ಇರುವ ಗಿರಾಕಿಯನ್ನು ಉಳಿಸಿಕೊಳ್ಳಲು

ಹೊಸಬರನ್ನು ಹುಡುಕಿ ತರಲು ವಾಟ್ಸ್‌ಆ್ಯಪ್ ಅಷ್ಟು ಒದಗುವುದಿಲ್ಲ, ಒಮ್ಮೆ ಬಂದವರನ್ನು ಮತ್ತೆ ಬರಿಸುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ನಾನು ಕಂಡಿಲ್ಲ. 2018ರಲ್ಲಿ ಬಂದ ಬಿಸಿನೆಸ್ ಆ್ಯಪ್ ಉಚಿತ. 500 ಸಾಮಾನುಗಳವರೆಗೆ ಕ್ಯಾಟಲಾಗ್ ಇಡಬಹುದು. ಗಿರಾಕಿಗಳಿಗೆ ‘ಹೊಸಬರು’, ‘ಹಣ ಬಾಕಿ’, ‘ತಿಂಗಳ ಗಿರಾಕಿ’ ಎಂದು ಲೇಬಲ್ ಹಾಕಬಹುದು. ರಾತ್ರಿ ಬಂದ ಸಂದೇಶಕ್ಕೆ ‘ಬೆಳಿಗ್ಗೆ ಏಳಕ್ಕೆ ಉತ್ತರಿಸುತ್ತೇವೆ’ ಎಂದು ತಾನೇ ಹೇಳುವಂತೆ ಮಾಡಬಹುದು.

ಒಂದು ಕಟ್ಟುಪಾಡು ಇದೆ, ಅದು ಗೊತ್ತಿಲ್ಲದೆ ಬಹಳ ಜನ ನಿರಾಶರಾಗುತ್ತಾರೆ. ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರನ್ನು ಸೇರಿಸಬಹುದು, ಆದರೆ ಸಂದೇಶ ತಲುಪುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಹಾಗಾಗಿ ಮೊದಲ ಕೆಲಸವೆಂದರೆ ಬಿಲ್ಲಿನ ಮೇಲೆ, ಚೀಲದ ಮೇಲೆ ‘ಈ ನಂಬರನ್ನು ನಮ್ಮ ಹೆಸರಿನಲ್ಲಿ ಉಳಿಸಿಕೊಳ್ಳಿ’ ಎಂದು ಅಚ್ಚು ಹಾಕಿಸುವುದು. ದಿನವೂ ಶುಭೋದಯ ಕಳುಹಿಸಬೇಡಿ. ತಿಂಗಳಿಗೆ ಎರಡು ಸಲ, ಹೇಳುವುದಿದ್ದಾಗ ಮಾತ್ರ ಕಳುಹಿಸಿ. ಮನೆಯ ನಂಬರನ್ನೇ ಅಂಗಡಿಗೂ ಬಳಸಬೇಡಿ, ಅಂಗಡಿಗೆಂದೇ ಬೇರೆ ಸಿಮ್ ಇಡಿ. ಕೆಲಸದ ಹುಡುಗ ಬದಲಾದರೂ ಆ ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ.

ಚೆನ್ನಾಗಿ ಹೊಂದುವುದು ಹಾಲು, ಹಿಟ್ಟು, ಬೆಲ್ಲ, ಗಾಣದ ಎಣ್ಣೆ, ಹೂವು, ಟೈಲರಿಂಗ್, ಮನೆಯಲ್ಲೇ ಮಾಡುವ ಚಟ್ನಿಪುಡಿ ಮುಂತಾದ ಮತ್ತೆಮತ್ತೆ ಬೇಕಾಗುವ ಸಾಮಾನುಗಳಿಗೆ. ನಾಲ್ಕು ವರ್ಷಕ್ಕೊಮ್ಮೆ ಸೋಫಾ ಮಾರುವವರಿಗೆ ಇದರಿಂದ ದೊಡ್ಡ ಲಾಭವಿಲ್ಲ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್: ಕಣ್ಣಿಗೆ ಬೀಳುವ ಸರಕಿಗೆ

ಇಲ್ಲಿ ಖರ್ಚು ಹಣದ್ದಲ್ಲ, ಹೊತ್ತಿನದು. ಸೀರೆ, ಕುಪ್ಪಸದ ಕಸೂತಿ, ಕೇಕ್, ಗಿಡ, ಒಳಾಂಗಣ ವಿನ್ಯಾಸ ಇಂಥವಕ್ಕೆ ಇನ್‌ಸ್ಟಾಗ್ರಾಂ ನಿಜಕ್ಕೂ ಗಿರಾಕಿ ತರುತ್ತದೆ. ಕುವೆಂಪುನಗರದ ಆ ಬುಟಿಕ್‌ನವರಿಗೆ ವೆಬ್‌ಸೈಟ್ ಬೇಡ, ಇದರ ಮೇಲೆ ಒಂದು ವರ್ಷ ಗಟ್ಟಿಯಾಗಿ ನಿಲ್ಲಿ ಎಂದೆ, ಏಕೆಂದರೆ ಅವರ ಮಾಲು ದಿನಕ್ಕೊಂದು ಬಗೆಯದು. ವೆಬ್‌ಸೈಟಿಗೆ ಫೋಟೊ ಹಾಕುವಷ್ಟರಲ್ಲಿ ಸೀರೆ ಮಾರಾಟವಾಗಿಯೇ ಹೋಗಿರುತ್ತದೆ. ಟ್ಯೂಬ್‌ವೆಲ್ ಮೋಟಾರು ರಿಪೇರಿಯವರು, ಲೆಕ್ಕ ಪರಿಶೋಧಕರು ಇದಕ್ಕೆ ಹೊತ್ತು ಸುರಿಯಬೇಕಾಗಿಲ್ಲ. ಮೋಟಾರು ಸುಟ್ಟ ರೈತ ರೀಲ್ಸ್ ನೋಡುತ್ತಾ ಕೂರುವುದಿಲ್ಲ, ಮ್ಯಾಪಿನಲ್ಲಿ ನಂಬರು ಹುಡುಕುತ್ತಾನೆ.

ಜಾಹೀರಾತಿನ ಬಗ್ಗೆ ಎರಡು ಮಾತು ಸಾಕು. ದಿನಕ್ಕೆ ನೂರಿನ್ನೂರು ರೂಪಾಯಿಯಿಂದಲೂ ಶುರು ಮಾಡಬಹುದು, ಅದರ ಮೇಲೆ ಶೇಕಡ 18 ಜಿಎಸ್‌ಟಿ ಬೀಳುತ್ತದೆ. ಅಂಗಡಿಯ ಸುತ್ತಲಿನ ಐದಾರು ಕಿಲೋಮೀಟರಿಗೆ ಮಾತ್ರ ಸೀಮಿತಗೊಳಿಸಿ, ಫೋನ್ ಕರೆ ಎಷ್ಟು ಬಂತು ಎಂದು ಎಣಿಸಿ. ‘ಲೈಕ್’ ಎಣಿಸಬೇಡಿ.

ಮಾರುಕಟ್ಟೆ ಆ್ಯಪ್‌ಗಳು: ಗಿರಾಕಿ ಅವರವನು

ಊಟ ತಲುಪಿಸುವ ಆ್ಯಪ್, ರೂಮು ಕಾದಿರಿಸುವ ತಾಣ, ಎಲ್ಲವನ್ನೂ ಮಾರುವ ದೊಡ್ಡ ಜಾಲತಾಣಗಳು, ಇವುಗಳ ಸ್ವಭಾವ ಒಂದೇ. ಗಿರಾಕಿಯನ್ನು ತರುತ್ತವೆ, ಪಾಲು ಕೇಳುತ್ತವೆ, ಗಿರಾಕಿಯ ನಂಬರನ್ನು ನಿಮಗೆ ಕೊಡುವುದಿಲ್ಲ. ಕಮಿಷನ್ ಶೇಕಡ 25 ಎಂದಿಟ್ಟುಕೊಳ್ಳಿ. 200 ರೂಪಾಯಿಯ ಆರ್ಡರಿಗೆ 50 ಕಮಿಷನ್, ಅದರ ಮೇಲಿನ ಜಿಎಸ್‌ಟಿ 9, ಕೈಗೆ ಉಳಿಯುವುದು 141. ಆ 141ರಲ್ಲಿ ಅಕ್ಕಿ, ಗ್ಯಾಸ್, ಬಾಡಿಗೆ, ಸಂಬಳ ಎಲ್ಲ ಹೊರಡಬೇಕು. ಖಾಲಿ ಕೂರುವ ಮಧ್ಯಾಹ್ನದ ಮೂರು ತಾಸನ್ನು ತುಂಬಿಸಿಕೊಳ್ಳಲು ಇದು ಸರಿ. ಇಡೀ ವ್ಯಾಪಾರವನ್ನೇ ಅದರ ಮೇಲೆ ನಿಲ್ಲಿಸಿದರೆ ಕಷ್ಟ.

ತೆರಿಗೆಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ಆ ಮಿತಿಯೊಳಗಿನವರು ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಪೂರ್ತಿ ನೋಂದಣಿ ಇಲ್ಲದೆ ದಾಖಲಾತಿ ಸಂಖ್ಯೆಯೊಂದನ್ನು ಪಡೆದು ಮಾರುಕಟ್ಟೆ ಆ್ಯಪ್‌ಗಳಲ್ಲಿ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ. ಆದರೆ ತೆರಿಗೆಗೆ ಒಳಪಡುವ ಸರಕನ್ನು ಹೊಸೂರಿಗೋ ಚೆನ್ನೈಗೋ ಕಳುಹಿಸಿದರೆ ಅದು ಹೊರರಾಜ್ಯದ ಮಾರಾಟ, ಆಗ ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಬೇಕಾಗುತ್ತದೆ. ಕರಕುಶಲ ವಸ್ತುಗಳಿಗೆ ಇದರಲ್ಲಿ ಒಂದಿಷ್ಟು ವಿನಾಯಿತಿ ಇದೆ. ‘ಭಾರತದಾದ್ಯಂತ ಡೆಲಿವರಿ’ ಎಂದು ವೆಬ್‌ಸೈಟಿನಲ್ಲಿ ಬರೆಯುವ ಮೊದಲು ನಿಮ್ಮ ಲೆಕ್ಕಿಗರನ್ನು ಒಮ್ಮೆ ಕೇಳಿ.

ಸ್ವಂತ ವೆಬ್‌ಸೈಟ್: ಯಾರಿಗೆ ಬೇಕೇ ಬೇಕು

ಒಡೆತನದ ಬಟ್ಟಿನಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಆ ಒಡೆತನ ನಿಜವಾಗಿಯೂ ನಿಮ್ಮದೇ ಎಂದು ನೋಡಿಕೊಳ್ಳಬೇಕು, ಮತ್ತು ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ನಮ್ಮ ಮನೆಯವರದು ಚಿಕ್ಕ ಊದುಬತ್ತಿ ವ್ಯಾಪಾರ. ನಾನು ಈ ಕೆಲಸಕ್ಕೆ ಇಳಿಯುವ ಮೊದಲು ನಮ್ಮ ತಂದೆ ಒಬ್ಬರಿಂದ ವೆಬ್‌ಸೈಟ್ ಮಾಡಿಸಿದ್ದರು. ಮಾಡಿಕೊಟ್ಟವರು ಡೊಮೈನನ್ನು ತಮ್ಮದೇ ಇಮೇಲ್‌ನಲ್ಲಿ, ತಮ್ಮದೇ ಹೆಸರಿನಲ್ಲಿ ನೋಂದಾಯಿಸಿದ್ದರು. ಎರಡು ವರ್ಷದ ಮೇಲೆ ಊರು ಬಿಟ್ಟರು, ನಂಬರೂ ಬದಲಾಯಿತು. ನವೀಕರಣದ ದಿನ ದಾಟಿತು, ಹೆಸರನ್ನು ಬೇರೆ ಯಾರೋ ಕೊಂಡರು. ಆ ವಿಳಾಸ ಅಚ್ಚಾಗಿದ್ದ ಆರು ಸಾವಿರ ಪೆಟ್ಟಿಗೆಗಳು ಗೋಡೌನಿನಲ್ಲಿದ್ದವು. ಅಮ್ಮ, ಅಕ್ಕ, ನಾನು ಹನ್ನೊಂದು ರಾತ್ರಿ ಕುಳಿತು ಒಂದೊಂದರ ಮೇಲೂ ಚೀಟಿ ಅಂಟಿಸಿದೆವು. ಗಂಧದ ಪುಡಿ ಅಂಟಿದ ಬೆರಳಿಗೆ ಗೋಂದು ಸರಿಯಾಗಿ ಹಿಡಿಯುತ್ತಿರಲಿಲ್ಲ.

ಆದ್ದರಿಂದ ಡೊಮೈನನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಕಾರ್ಡಿನಿಂದ ನೀವೇ ಕೊಳ್ಳಿ. ಡಾಟ್ ಇನ್ ವಿಳಾಸ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ. ಮೊದಲ ವರ್ಷದ ರಿಯಾಯಿತಿ ಬೆಲೆಯನ್ನು ಬಿಟ್ಟು ನವೀಕರಣದ ಬೆಲೆಯನ್ನು ನೋಡಿ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸವೂ ಸಿಗುತ್ತದೆ. ಹೆಮ್ಮೆಯ ಸಂಗತಿಯೇ, ಆದರೆ ಸದ್ಯಕ್ಕೆ ಅದನ್ನು ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳುವುದು ಒಳಿತು. ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್ ಕೂಡ ನಿಮ್ಮ ಬಳಿ ಇರಲಿ. ಇದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.

ಯಾರಿಗೆ ಬೇಕು? ಹೆಸರು ಕೇಳಿ ಖಾತ್ರಿ ಮಾಡಿಕೊಳ್ಳುವ ಗಿರಾಕಿ ಇರುವವರಿಗೆ. ಸರಸ್ವತಿಪುರಂನ ಟ್ಯುಟೋರಿಯಲ್‌ಗೆ ಐದು ಪುಟ ಸಾಕು: ಯಾರು ಕಲಿಸುತ್ತಾರೆ, ಯಾವ ವಿಷಯ, ಶುಲ್ಕ ಎಷ್ಟು, ಬ್ಯಾಚ್ ಯಾವ ಹೊತ್ತಿಗೆ, ಎಲ್ಲಿದೆ. ಶುಲ್ಕವನ್ನು ಮುಚ್ಚಿಟ್ಟು ‘ಸಂಪರ್ಕಿಸಿ’ ಎಂದು ಬರೆಯುವುದಕ್ಕಿಂತ ನೇರವಾಗಿ ಹಾಕಿದವರಿಗೆ ಬರುವ ಕರೆಗಳೇ ಗಟ್ಟಿ. ನಮ್ಮ ಊರಿನಲ್ಲಿ ಇಂಥದ್ದಕ್ಕೆ ಈಗ ಹತ್ತರಿಂದ ಇಪ್ಪತ್ತು ಸಾವಿರ ಕೇಳುತ್ತಾರೆ, ಅದು ನ್ಯಾಯವಾದ ಬೆಲೆ. ಬೀಟೆ ಮರದಲ್ಲಿ ಬೇರೆ ಬಣ್ಣದ ಚೂರು ಕೂರಿಸುವ ಕುಸುರಿ, ಗಂಜೀಫಾ ಎಂಬ ಚಿತ್ರದ ಇಸ್ಪೀಟೆಲೆ, ಮೈಸೂರು ಶೈಲಿಯ ಚಿತ್ರ ಇಂಥ ಭೌಗೋಳಿಕ ಗುರುತು (ಜಿಐ) ಪಡೆದ ಕೆಲಸ ಮಾಡುವವರಿಗೂ ಸ್ವಂತ ತಾಣ ಬೇಕು. ಅವರ ಗಿರಾಕಿ ದೂರದಲ್ಲಿದ್ದಾನೆ, ದುಬಾರಿ ವಸ್ತು ಕೊಳ್ಳುವ ಮೊದಲು ಕೈಕೆಲಸವನ್ನು ಹತ್ತಿರದಿಂದ ನೋಡಬಯಸುತ್ತಾನೆ. ಅಲ್ಲಿ ‘ಕಾರ್ಟ್’ ಗುಂಡಿಗಿಂತ ಮರದ ಎಳೆ ಎದ್ದು ಕಾಣುವ ಹತ್ತು ದೊಡ್ಡ ಫೋಟೊಗಳಿಗೆ ಹಣ ಹಾಕಿ.

ಗೋಕುಲಂನ ಹೋಂಸ್ಟೇಯವರ ಲೆಕ್ಕ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಯೋಗ ಕಲಿಯಲು ವಿದೇಶದಿಂದ ಬರುವವರು ಒಂದೆರಡು ತಿಂಗಳು ಇರುತ್ತಾರೆ, ಮರುವರ್ಷವೂ ಬರುತ್ತಾರೆ, ಗೆಳೆಯರಿಗೂ ಹೇಳುತ್ತಾರೆ. ದಸರೆಗೆ ಬೇರೆ ಜನ. ದಿನದ ಬಾಡಿಗೆ 2,500, ಕಾದಿರಿಸುವ ತಾಣದ ಕಮಿಷನ್ ಶೇಕಡ 18 ಎಂದರೆ 450. ತಿಂಗಳಿಗೆ ಹತ್ತು ದಿನ ನೇರವಾಗಿ ಬಂದರೂ 4,500 ಉಳಿಯುತ್ತದೆ, ವರ್ಷಕ್ಕೆ 54,000. ಅವರಿಗೆ ವೆಬ್‌ಸೈಟ್ ಮಾಡಿಸಿ ಎಂದು ಹೇಳಲು ನಾನು ಎರಡು ಬಾರಿ ಯೋಚಿಸಲಿಲ್ಲ. ಕಾದಿರಿಸುವ ತಾಣವನ್ನು ಬಿಡಬೇಡಿ ಎಂದೂ ಹೇಳಿದೆ. ಮೊದಲ ಸಲ ಬರುವವರು ಅಲ್ಲಿಂದ ಬರಲಿ, ಎರಡನೆಯ ಸಲ ನೇರವಾಗಿ ಬರುವಂತೆ ಕೋಣೆಯಲ್ಲಿ ವಿಳಾಸದ ಕಾರ್ಡ್ ಇಡಿ.

ಆನ್‌ಲೈನ್ ಅಂಗಡಿಯೇ ಬೇಕು ಎನ್ನುವವರಿಗೆ ಎರಡು ದಾರಿ. ಶಾಪಿಫೈ ಥರದ ಬಾಡಿಗೆ ಅಂಗಡಿಗೆ ತಿಂಗಳಿಗೆ ಸುಮಾರು 2,000 ಎಂದುಕೊಂಡರೆ ಮೂರು ವರ್ಷಕ್ಕೆ 72,000. 2003ರಲ್ಲಿ ಹುಟ್ಟಿದ, ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಉಚಿತ, ಆದರೆ ಅದರಲ್ಲಿ ಅಂಗಡಿ ಕಟ್ಟಿಸಲು 50,000, ಮುಂದಿನ ಎರಡು ವರ್ಷ ಹೋಸ್ಟಿಂಗ್, ನಿರ್ವಹಣೆ ಸೇರಿ ಹೆಚ್ಚುಕಡಿಮೆ 37,000, ಒಟ್ಟು 87,000. ಅಂತರ ದೊಡ್ಡದಲ್ಲ. ದೀಪಾವಳಿಯ ಹಿಂದಿನ ರಾತ್ರಿ ಹಣ ಪಾವತಿ ಕೆಟ್ಟು ನಿಂತರೆ ಸರಿಪಡಿಸುವವರು ಯಾರು ಎಂಬುದೇ ನಿಜವಾದ ಅಂತರ. ಬಾಡಿಗೆ ಅಂಗಡಿಯಲ್ಲಿ ಆ ತಲೆನೋವು ಅವರದು. ಪರಿಚಯದ, ನಂಬಿಕೆಯ ತಂತ್ರಜ್ಞರು ಊರಲ್ಲೇ ಇಲ್ಲದಿದ್ದರೆ ನನ್ನ ಮತ ಬಾಡಿಗೆ ಅಂಗಡಿಗೆ. ತಿಂಗಳಿಗೆ ಐವತ್ತು ಆರ್ಡರ್ ಬರುವ ಮುಂಚೆ ಎರಡೂ ಬೇಡ.

ಕಾರ್ಡಿನ ಪಾವತಿಗೆ, ಹಣವನ್ನು ಗಿರಾಕಿಯಿಂದ ನಿಮಗೆ ತಲುಪಿಸುವ ಗೇಟ್‌ವೇ ಕಂಪನಿಗಳು ಸಾಮಾನ್ಯವಾಗಿ ಶೇಕಡ 2, ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತವೆ: ಸಾವಿರಕ್ಕೆ 23 ರೂಪಾಯಿ 60 ಪೈಸೆ. ಜೊತೆಗೆ, 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ವ್ಯಾಪಾರದ ಹೆಸರು, ವಿಳಾಸ, ದೂರು ನೋಡಿಕೊಳ್ಳುವವರ ವಿವರ, ಸರಕು ಮರಳಿಸುವ ನಿಯಮ ತಾಣದಲ್ಲಿ ಕಾಣುವಂತಿರಬೇಕು. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆಯೂ ಬೇಕು.

ಕನ್ನಡದಲ್ಲಿ ಬರೆಯುವಾಗ

ಬಹಳಷ್ಟು ಡಿಟಿಪಿ ಅಂಗಡಿಗಳು ಇಂದಿಗೂ ಹಳೆಯ ನುಡಿ ಫಾಂಟಿನಲ್ಲೇ ಬೆರಳಚ್ಚು ಮಾಡಿಕೊಡುತ್ತವೆ. ಅದು ಅಚ್ಚಿಗೆ ಸರಿ, ಜಾಲಕ್ಕೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಎಲ್ಲ ಫೋನ್, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿಯೇ ಕೊಡಿ ಎಂದು ಕೇಳಿ. ಬೆಲೆಪಟ್ಟಿಯನ್ನು ಚಿತ್ರವಾಗಿ ಮಾತ್ರ ಹಾಕಿದರೆ ‘ಮಂಡ್ಯದಲ್ಲಿ ರಾಸಾಯನಿಕವಿಲ್ಲದ ಬೆಲ್ಲ’ ಎಂದು ಹುಡುಕಿದವರಿಗೆ ನೀವು ಸಿಗುವುದು ಕಷ್ಟ. ಅದೇ ಮಾತನ್ನು ಅಕ್ಷರದಲ್ಲೂ ಬರೆಯಿರಿ. ಇನ್ನೊಂದು: 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ನಮ್ಮ ಊರಿನ ಹೆಸರು ಮೈಸೂರು ಎಂದೇ ಅಧಿಕೃತವಾಯಿತು, ಆದರೆ ಹೊರಗಿನವರು ‘ಮೈಸೋರ್’ ಎಂಬ ಹಳೆಯ ಕಾಗುಣಿತದಲ್ಲೇ ಹುಡುಕುವುದು ನಿಂತಿಲ್ಲ. ಇಂಗ್ಲಿಷ್ ಪುಟದಲ್ಲಿ ಎರಡೂ ರೂಪ ಒಂದೊಂದು ಸಲವಾದರೂ ಬರಲಿ.

ಕೈಯಲ್ಲಿರುವ ಹಣಕ್ಕೆ ತಕ್ಕಂತೆ

ವರ್ಷಕ್ಕೆ ಎರಡು ಸಾವಿರದೊಳಗೆ ಎಂದರೆ, ಮ್ಯಾಪ್ ಮತ್ತು ವಾಟ್ಸ್‌ಆ್ಯಪ್ ಎರಡನ್ನೂ ಚೊಕ್ಕವಾಗಿ ಮಾಡಿ, ಡೊಮೈನನ್ನು ಮಾತ್ರ ಈಗಲೇ ಕೊಂಡಿಡಿ. ಸದ್ಯಕ್ಕೆ ಅದು ನಿಮ್ಮ ವಾಟ್ಸ್‌ಆ್ಯಪ್‌ಗೋ ಮ್ಯಾಪಿಗೋ ಕರೆದೊಯ್ಯುವಂತೆ ಮಾಡಬಹುದು. ನಾಳೆ ವೆಬ್‌ಸೈಟ್ ಕಟ್ಟಿದಾಗ ಚೀಲದ ಮೇಲಿನ ವಿಳಾಸ ಬದಲಾಗುವುದಿಲ್ಲ. ಹದಿನೈದು ಸಾವಿರ ತೆಗೆದಿಡಬಲ್ಲವರು, ಗಿರಾಕಿ ಖಾತ್ರಿ ಬಯಸುವ ಬಗೆಯವನಾದರೆ ಐದು ಪುಟದ ತಾಣ ಮಾಡಿಸಲಿ. ಕಣ್ಣಿಗೆ ಬಿದ್ದು ಕೊಳ್ಳುವವನಾದರೆ ಅದೇ ಹಣವನ್ನು ಒಳ್ಳೆಯ ಫೋಟೊಗಳಿಗೂ ಮೂರು ತಿಂಗಳ ಸಣ್ಣ ಜಾಹೀರಾತಿಗೂ ಹಾಕಲಿ. ಅರ್ಧ ಲಕ್ಷ ಮೀರಿದ ಖರ್ಚಿಗೆ ಕೈ ಹಾಕುವುದು, ಆರ್ಡರುಗಳು ವಾಟ್ಸ್‌ಆ್ಯಪ್‌ನಲ್ಲಿ ಹಿಡಿಯಲಾರದಷ್ಟಾದ ಮೇಲೆ.

ಮತ್ತೆ ಆ ಆಲೆಮನೆಯವರ ವಿಷಯಕ್ಕೆ ಬರುತ್ತೇನೆ. 65,000ದ ಕೊಟೇಷನ್ನಿನಲ್ಲಿ ತಾಣದ ಸಂಪರ್ಕವನ್ನು ಸುರಕ್ಷಿತಗೊಳಿಸುವ ಪ್ರಮಾಣಪತ್ರಕ್ಕೇ 4,000 ಹಾಕಿದ್ದರು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ, ಬಹುತೇಕ ಹೋಸ್ಟಿಂಗ್‌ನವರು ತಾವೇ ಹಾಕಿಕೊಡುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಕೊರಿಯರ್ ಲೆಕ್ಕದಲ್ಲಿತ್ತು. ಒಂದು ಕಿಲೋ ಬೆಲ್ಲವನ್ನು ಬೆಂಗಳೂರಿಗೆ ಕಳುಹಿಸುವ ಖರ್ಚು ಬೆಲ್ಲದ ಬೆಲೆಗೇ ಸಮನಾಗುತ್ತಿತ್ತು. ಮಳೆಗಾಲದಲ್ಲಿ ಅಚ್ಚು ನೀರೊಡೆದು ಪೊಟ್ಟಣ ಅಂಟಾಗುವುದು ಬೇರೆ. ಒಂದೊಂದೇ ಕಿಲೋ ಮಾರುವ ಆನ್‌ಲೈನ್ ಅಂಗಡಿ ಅವರಿಗೆ ಪ್ರತಿ ಆರ್ಡರಿನಲ್ಲೂ ನಷ್ಟ ತರುತ್ತಿತ್ತು. ಐದು ಕಿಲೋ ಡಬ್ಬಿ, ತಿಂಗಳಿಗೊಮ್ಮೆ ಬೆಂಗಳೂರಿಗೆ ಒಂದೇ ಗಾಡಿ, ಹಿಂದಿನ ವಾರವೇ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಎಂದು ಲೆಕ್ಕ ಹಾಕಿದಾಗ ಮಾತ್ರ ಕಿಲೋಗೆ ಒಂದಿಷ್ಟು ಉಳಿಯಿತು.

ಎರಡೂ ಕೊಟೇಷನ್ ಮಡಚಿ ಜೇಬಿಗಿಟ್ಟುಕೊಂಡರು. ನಮ್ಮ ಮುಂದೆಯೇ ತಮ್ಮ ಹೆಸರಿನಲ್ಲಿ ಡೊಮೈನ್ ಕೊಂಡರು, ಆಲೆಮನೆಯ ಬಾಗಿಲಿಗೆ ಮ್ಯಾಪಿನ ಗುರುತು ಹಾಕಿದರು. ನಿನ್ನೆ ಫೋನ್ ಮಾಡಿದ್ದರು. ಡೈರಿಯ ನೂರಿಪ್ಪತ್ತು ಹೆಸರುಗಳಲ್ಲಿ ಎಪ್ಪತ್ತನ್ನು ಮಗಳು ಫೋನಿಗೆ ಏರಿಸಿದ್ದಾಳೆ. ಉಳಿದವು ಅಂಟಿಕೊಂಡ ಹಾಳೆಗಳಲ್ಲಿವೆ, ಕೊಪ್ಪರಿಗೆಯ ಹಬೆಗೆ ಹಿಡಿದು ಒಂದೊಂದಾಗಿ ಬಿಡಿಸುತ್ತಿದ್ದಾರಂತೆ.